ಸಹಾಯ ಬೇಕು: ಕೆಲಸ ಬರುತ್ತೆ, ಮಾತೇ ಬರಲ್ಲ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ 9 ವರ್ಷದಿಂದ ಇದ್ದೇನೆ. ಮೂರು ತಿಂಗಳ ಹಿಂದೆ ಸೂಪರ್‌ವೈಸರ್ ಮಾಡಿದರು. ಮಷೀನ್ ಕೆಟ್ಟರೆ ಸರಿ ಮಾಡ್ತೇನೆ, ಮನುಷ್ಯರು ಮುನಿಸಿಕೊಂಡರೆ ಕೈಕಾಲೇ ಆಡಲ್ಲ.

ನನಗೆ ಹೊಲಿಗೆ ಕಲಿಸಿದ ಅಣ್ಣನೇ ಈಗ ನನ್ನ ಕೈಕೆಳಗಿದ್ದಾರೆ. ಹೋದ ವಾರ ಅವರ 40 ಪ್ಯಾಂಟಿನಲ್ಲಿ ಜಿಪ್ ಪಟ್ಟಿ ವಾರೆ ಬಂದಿತ್ತು, ಎಲ್ಲರ ಎದುರೇ "ಅಣ್ಣಾ, ಇವನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯಿರಿ" ಅಂದುಬಿಟ್ಟೆ, ದನಿ ಸ್ವಲ್ಪ ಜೋರಾಯ್ತೇನೋ. ನಮ್ಮಲ್ಲಿ ಕೂಲಿ ಪೀಸ್ ಲೆಕ್ಕ. ಬಿಚ್ಚಿ ಹೊಲಿದರೆ ಕಾಸಿಲ್ಲ, ಸಿಟ್ಟು ಬರೋದೇ ಅಲ್ವಾ. ಅವರು ಕತ್ತರಿ ಕೆಳಗಿಟ್ಟು "ಆಯ್ತು ಸಾಹೇಬ್ರೆ" ಅಂದರು. ಅವತ್ತಿನಿಂದ ಹೆಸರು ಹಿಡಿದು ಕರೆದಿಲ್ಲ. ಉಳಿದವರೂ ಅವರ ಕಡೆಗೇ.

ಒಗ್ಗರಣೆ ಮಿರ್ಚಿ ತಂದುಕೊಟ್ಟೆ, ಮುಟ್ಟಲಿಲ್ಲ. ಸುಮ್ನೆ ಬಿಟ್ಟು ನೋಡಿದೆ, ತಪ್ಪು ಇನ್ನೂ ಜಾಸ್ತಿ ಆಯ್ತು. ಸಾಫ್ಟ್ ಸ್ಕಿಲ್ಸ್ ವಿಡಿಯೋಗಳನ್ನೂ ನೋಡಿದೆ, ಎಲ್ಲಾ ಟೈ ಕಟ್ಟಿದವರ ಆಫೀಸಿಗೆ ಹೇಳಿದ್ದು.

ಎಲ್ಲರ ಎದುರು ಅಂದಿದ್ದಕ್ಕೆ ಎಲ್ಲರ ಎದುರೇ ತಪ್ಪಾಯ್ತು ಅನ್ನಬೇಕಾ, ಇಲ್ಲಾ ಅವರ ಮನೆಗೆ ಹೋಗಿ ಮಾತಾಡಬೇಕಾ? ಎದುರಿಗೇ ಅಂದರೆ ನಾಳೆ ಯಾರೂ ನನ್ನ ಮಾತು ಕೇಳಲ್ಲವೇನೋ ಅನ್ನೋ ಭಯ. ಇಂಥದ್ದು ನಿಭಾಯಿಸಿದವರು ಮೊದಲ ಮಾತು ಹೇಗೆ ತೆಗೆದಿರಿ, ಹೇಳ್ತೀರಾ?