ನಿಯೋಜನೆ ಮೇಲೆ ಹೋದವರ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ವಂತಿಗೆ ಯಾರು ಕಟ್ಟಬೇಕು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಒಂದು ಇಲಾಖೆಯಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ). ನಾಲ್ಕು ತಿಂಗಳ ಹಿಂದೆ ಮೈಸೂರಿನ ಒಂದು ನಿಗಮಕ್ಕೆ ನಿಯೋಜನೆ ಆಯ್ತು. ದಿನಾ ರೈಲಲ್ಲಿ ನಿಂತೇ ಹೋಗುತ್ತೇನೆ, ಅದಿರಲಿ.

ಸಂಬಳ ನಿಗಮವೇ ಕೊಡುತ್ತಿದೆ, ತಕರಾರಿಲ್ಲ. ತೊಂದರೆ ಎನ್‌ಪಿಎಸ್‌ನದು. 2006ರ ಏಪ್ರಿಲ್ ನಂತರ ಸೇರಿದವನು ನಾನು, ಹಾಗಾಗಿ ಹಳೇ ಪಿಂಚಣಿ ಇಲ್ಲ, ಎನ್‌ಪಿಎಸ್ಸೇ. ಮೂಲ ವೇತನ, ತುಟ್ಟಿಭತ್ಯೆ ಮೇಲೆ ನನ್ನ ಪಾಲು ಶೇ 10, ಸರ್ಕಾರದ್ದು ಶೇ 14. ನನ್ನ ಶೇ 10 ಪ್ರತಿ ತಿಂಗಳೂ ಹಿಡಿಯುತ್ತಿದ್ದಾರೆ, ಸಂಬಳ ಚೀಟಿಯಲ್ಲಿ ಆ ಸಾಲು ಕಾಣುತ್ತದೆ. ಆದರೆ ಪ್ರಾನ್ ಖಾತೆ (ಎನ್‌ಪಿಎಸ್ ಹಣ ಜಮಾ ಆಗುವ ನನ್ನ ಖಾತೆ) ತೆಗೆದು ನೋಡಿದರೆ ನಾಲ್ಕು ತಿಂಗಳಿಂದ ಒಂದು ರೂಪಾಯಿಯೂ ಬಿದ್ದಿಲ್ಲ!

ನಿಗಮದ ಲೆಕ್ಕ ಶಾಖೆಯಲ್ಲಿ ಕೇಳಿದೆ. "ನಮ್ಮಲ್ಲಿ ಎಚ್‌ಆರ್‌ಎಂಎಸ್ (ಸರ್ಕಾರಿ ಸಂಬಳದ ತಂತ್ರಾಂಶ) ಇಲ್ಲ, ನಿಮ್ಮ ಮಾತೃ ಇಲಾಖೆಯವರೇ ಕಟ್ಟಬೇಕು" ಅಂದರು. ಮಂಡ್ಯಕ್ಕೆ ಬಂದರೆ, "ಎಲ್‌ಪಿಸಿ (ಕೊನೆಯ ವೇತನ ಪ್ರಮಾಣಪತ್ರ) ಕೊಟ್ಟು ಕಳಿಸಿ ಆಯ್ತಲ್ಲ, ಇನ್ನು ಅವರ ಜವಾಬ್ದಾರಿ" ಅಂತ. ನಿಯೋಜನೆ ಆದೇಶದಲ್ಲಿ ಇರುವುದು ಒಂದೇ ಸಾಲು: "ವೇತನ ಹಾಗೂ ವಂತಿಗೆಗಳನ್ನು ನಿಯಮಾನುಸಾರ ಪಾವತಿಸತಕ್ಕದ್ದು". ಯಾರು ಪಾವತಿಸತಕ್ಕದ್ದು ಅಂತ ಬರೆಯೋಕೆ ಏನು ಕಷ್ಟ ಸ್ವಾಮಿ? ಕೆಸಿಎಸ್‌ಆರ್‌ನಲ್ಲಿ (ರಾಜ್ಯ ಸರ್ಕಾರಿ ನೌಕರರ ಸೇವಾ ನಿಯಮಾವಳಿ) ಅನ್ಯ ಸೇವೆಯ, ಅಂದರೆ ಹೊರಗಿನ ಸಂಸ್ಥೆಯಲ್ಲಿ ಕೆಲಸ ಮಾಡುವವರ, ಭಾಗವನ್ನೂ ಓದಿದೆ. ಅಲ್ಲಿ ರಜಾ ವೇತನ ವಂತಿಗೆ, ಪಿಂಚಣಿ ವಂತಿಗೆ ಅಂತಿದೆ. ಹಳೇ ಪಿಂಚಣಿಯವರಿಗೆ ಬರೆದ ಹಾಗಿದೆ ಅಲ್ವಾ?

ಎನ್‌ಪಿಎಸ್‌ನಲ್ಲಿದ್ದು ನಿಗಮ, ಮಂಡಳಿಗೆ ನಿಯೋಜನೆ ಹೋದವರು ದಯವಿಟ್ಟು ಹೇಳಿ. ನಿಮ್ಮ ಶೇ 14 ಯಾರು ಕಟ್ಟಿದರು? ಖಜಾನೆ-2ರಲ್ಲಿ (ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆ) ನಿಗಮವೇ ಚಲನ್ ಮಾಡಿತೋ, ಮಾತೃ ಇಲಾಖೆಯ ಡಿಡಿಒ (ಸಂಬಳ ಬಿಲ್ ಮಾಡುವ ಅಧಿಕಾರಿ) ಮೂಲಕ ಹೋಯಿತೋ? ಸುತ್ತೋಲೆ ಇದ್ದರೆ ಅದರ ಸಂಖ್ಯೆ, ತಾರೀಕು ಹಾಕಿ. ಪ್ರಿಂಟ್ ಹಿಡಿದುಕೊಂಡೇ ಹೋಗಿ ಕೂರುತ್ತೇನೆ.