ಪುರುಷೋತ್ತಮ ನಿಜಕ್ಕೂ ಪತ್ತೆ ಮಾಡುತ್ತಾನಾ?

ಹಳೇಹೊತ್ತಗೆ:
ಮೂವತ್ತು ವರ್ಷದ ಮೇಲೆ ಎನ್. ನರಸಿಂಹಯ್ಯನವರ ಒಂದು ಪತ್ತೇದಾರಿ ಕಾದಂಬರಿ ಮತ್ತೆ ಓದಿದೆ. ಚಿಕ್ಕವನಿದ್ದಾಗ ನಮ್ಮೂರ ಬಾಡಿಗೆ ಲೈಬ್ರರಿಯಿಂದ ಅಣ್ಣ ತರುತ್ತಿದ್ದ. ಬೆಳಿಗ್ಗೆ ವಾಪಸ್ ಕೊಡದಿದ್ದರೆ ಇನ್ನೊಂದು ದಿನದ ದುಡ್ಡು. ಹಾಗಾಗಿ ಅವನು ಓದುವಾಗಲೇ ನಾನೂ ಪಕ್ಕದಿಂದ ಇಣುಕಿ ಓದುತ್ತಿದ್ದೆ. ಅವನು ಹಾಳೆ ತಿರುಗಿಸುವ ಮೊದಲು ನನ್ನದು ಮುಗಿಯಬೇಕು. ನಾನು ಬೇಗ ಓದಲು ಕಲಿತದ್ದೇ ಹಾಗೆ.

ಈಗ ನಿಧಾನಕ್ಕೆ ಓದಿದರೆ ಒಂದು ಅನುಮಾನ. ಪತ್ತೇದಾರ ಪುರುಷೋತ್ತಮ ಪತ್ತೆ ಮಾಡುವುದಾದರೂ ಏನನ್ನು? ಹಿಂಬಾಲಿಸುತ್ತಾನೆ, ಕತ್ತಲಲ್ಲಿ ಅವಿತುಕೊಳ್ಳುತ್ತಾನೆ, ಹೊಡೆದಾಡುತ್ತಾನೆ. ಕೊನೆಗೆ ಕೇಡಿಯೇ ನಿಂತು ಎಲ್ಲ ಒಪ್ಪಿಸುತ್ತಾನೆ. ಕಳ್ಳ ಯಾರು ಅಂತ ಊಹಿಸಲು ನನಗೆ ಒಂದು ಸುಳಿವೂ ಸಿಗಲಿಲ್ಲ. ಬೇಜಾರಾಯಿತು. ಮತ್ತೆ ಓದಲೇಬಾರದಿತ್ತೇನೋ.

ರಾತ್ರಿಪಾಳಿ:
ನೀವು ಹಿಡಿದ ಅಳತೆಗೋಲೇ ತಪ್ಪು. ಓದುಗನಿಗೂ ಎಲ್ಲ ಸುಳಿವು ಕೊಡಬೇಕು ಎಂಬುದು ಇಂಗ್ಲಿಷ್ ಪತ್ತೇದಾರಿಯ ಒಂದು ಕಾಲದ ಪಂದ್ಯದ ನಿಯಮ, ಅಷ್ಟೇ. ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ 1929ರಲ್ಲಿ ಅದಕ್ಕೆ ಹತ್ತು ಕಟ್ಟಳೆ ಬರೆದಿಟ್ಟ. ಅದಕ್ಕಿಂತ ಮೊದಲಿನ ಷರ್ಲಾಕ್ ಹೋಮ್ಸ್ ತೆಗೆದುಕೊಳ್ಳಿ. ನೆಲದ ಮೇಲೆ ಮಲಗಿ ಭೂತಗನ್ನಡಿ ಹಿಡಿದು ಏನೋ ನೋಡುತ್ತಾನೆ. ಏನು ಕಂಡಿತು ಅಂತ ಆಗ ವಾಟ್ಸನ್‌ಗೂ ಹೇಳುವುದಿಲ್ಲ, ನಮಗೂ ಹೇಳುವುದಿಲ್ಲ. ಅವನನ್ನು ಯಾರೂ ಪತ್ತೇದಾರನೇ ಅಲ್ಲ ಅನ್ನಲಿಲ್ಲವಲ್ಲ?

ಕಾಫಿಪುಡಿ:
ಹೋಮ್ಸ್ ಕೊನೆಗಾದರೂ ಹೇಗೆ ಗೊತ್ತಾಯಿತು ಅಂತ ಬಿಡಿಸಿ ಹೇಳುತ್ತಾನೆ ಸ್ವಾಮಿ. ಅದೇ ಮಜಾ. ಇಲ್ಲಿ ಕೇಡಿ ಹೇಳುತ್ತಾನೆ. ಎರಡೂ ಒಂದೇನಾ?

ನರಸಿಂಹಯ್ಯನವರ ಮೇಲೆ ನನಗೆ ಗೌರವ ಇದೆ. ನಾಲ್ಕನೇ ಕ್ಲಾಸಿನವರೆಗೆ ಓದಿದವರು 500ಕ್ಕೂ ಜಾಸ್ತಿ ಕಾದಂಬರಿ ಬರೆದರು ಅಂದರೆ ಹುಡುಗಾಟ ಅಲ್ಲ. ಆದರೆ ಚಕ್ಕುಲಿ ಒತ್ತಿದ ಹಾಗೆ ಬರೆದರೆ ಎಲ್ಲವೂ ಒಂದೇ ಆಕಾರ ಬರುತ್ತದೆ. ಬಾಲ್ಯದ ನೆನಪು ಅಂತ ರಿಯಾಯಿತಿ ಕೊಡುವುದು ಬೇಡ. ತೇಜಸ್ವಿಯವರ ‘ಜುಗಾರಿ ಕ್ರಾಸ್’ ನೋಡಿ. ಏಲಕ್ಕಿ ಬೆಳೆಯುವ ಗಂಡ ಹೆಂಡತಿ, ಒಂದು ದಿನದ ಓಡಾಟ. ಓದಲು ಕೂತರೆ ಅದೇ ಓಟ. ಆದರೆ ಆ ಓಟದ ಒಳಗೆ ಮಲೆನಾಡಿನ ಕಾಡು, ಕಳ್ಳಸಾಗಣೆ, ಬೆಳೆಗಾರನ ಸಾಲ ಎಲ್ಲ ಇದೆ. ರೋಚಕ ಅಂದಮಾತ್ರಕ್ಕೆ ಪೊಳ್ಳಾಗಬೇಕಿಲ್ಲ.

ಟೂರಿಂಗ್‌ಟಾಕೀಸ್:
ಮಧ್ಯೆ ಬಾಯಿ ಹಾಕುತ್ತೇನೆ. ರಾಜ್‌ಕುಮಾರ್ ಸಿನಿಮಾದಲ್ಲಿ ಗೂಢಚಾರ ಸಿಐಡಿ 999 ಆದಾಗ ಯಾರಾದರೂ ಸುಳಿವು ಕೇಳಿದರಾ? ಬೇಡರ ಕಣ್ಣಪ್ಪ, ಕನಕದಾಸ ಆಗಿದ್ದ ಮನುಷ್ಯ 1968ರಲ್ಲಿ ‘ಜೇಡರ ಬಲೆ’ಗೆ ಕೋಟು ಹಾಕಿ ಪಿಸ್ತೂಲ್ ಹಿಡಿದು ಬಂದರು. ದೊರೈ-ಭಗವಾನ್ ಜೋಡಿ ಆಮೇಲೆ ಇನ್ನೆರಡು ಮಾಡಿತು. ಜನ ನೋಡಿದ್ದು ಅಣ್ಣಾವ್ರ ಠೀವಿ.

ರಾತ್ರಿಪಾಳಿ:
ಇನ್ನೆರಡಲ್ಲ, ಮೂರು. ‘ಗೋವಾದಲ್ಲಿ ಸಿಐಡಿ 999’ ಅದೇ 1968, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ 1969, ‘ಆಪರೇಷನ್ ಡೈಮಂಡ್ ರಾಕೆಟ್’ 1978. ಕೊನೆಯದನ್ನು ಮರೆತರೆ ಅದರ ಇಂಗ್ಲಿಷ್ ಹಾಡು ಕೋಪಿಸಿಕೊಳ್ಳುತ್ತದೆ.

ಟೂರಿಂಗ್‌ಟಾಕೀಸ್:
ತಪ್ಪಾಯ್ತು, ಒಪ್ಪಿದೆ. ಆ ಹಾಡು ನನ್ನ ರಿಂಗ್‌ಟೋನ್ ಆಗಿತ್ತು, ಅದಕ್ಕಾದರೂ ಮಾಫಿ ಇರಲಿ.

ಹೊಲಿಗೆಯಂತ್ರ:
ಕಾಫಿಪುಡಿಯವರೇ, ಒಂದು ಗಮನಿಸಿ. ಪತ್ತೇದಾರಿ ಚೆನ್ನಾಗಿಲ್ಲದಿದ್ದರೆ ಅದು ಪತ್ತೇದಾರಿ. ಚೆನ್ನಾಗಿದ್ದರೆ ಕೂಡಲೇ ಎತ್ತಿ ಸಾಹಿತ್ಯದ ಕಪಾಟಿಗೆ ಇಡುತ್ತೀರಿ. ಆಮೇಲೆ ಕೆಳಗಿನ ಕಪಾಟಿನಲ್ಲಿ ಒಳ್ಳೆಯದೇ ಇಲ್ಲ ಅನ್ನುತ್ತೀರಿ. ಹೆಂಗಸರ ಕಾದಂಬರಿಗೂ ಇದೇ ಆಗಿದ್ದು. ತ್ರಿವೇಣಿ ಮನೋರೋಗದ ಬಗ್ಗೆ ಬರೆದರು, ಆ ಕಾಲಕ್ಕೆ ಸಣ್ಣ ಮಾತಾ? ಆದರೂ ಹೆಂಗಸರು ಬರೆದದ್ದು ಅಂದರೆ ಅಡುಗೆಮನೆ ಸಾಹಿತ್ಯ ಅಂತ ಒಂದು ಚೀಟಿ ಅಂಟಿಸುತ್ತಿದ್ದರು.

ಇನ್ನೊಂದು ವಿಷಯ. ನಮ್ಮಪ್ಪನದು ಟೈಲರ್ ಅಂಗಡಿ. ಕಾಜ ಹಾಕುತ್ತಿದ್ದ ಇಬ್ಬರಿಗೆ ಓದು ಬರುತ್ತಿರಲಿಲ್ಲ. ಸಂಜೆ ನಾನು ಜೋರಾಗಿ ಓದಬೇಕು, ಅವರು ಕೇಳುತ್ತಾ ಸೂಜಿ ಆಡಿಸುವರು. ನರಸಿಂಹಯ್ಯನವರ ವಾಕ್ಯ ಚಿಕ್ಕದು. ಬೂಟಿನ ಟಕ್ ಟಕ್, ಬಾಗಿಲಿನ ಕಿರ್ ಅನ್ನುವ ಸದ್ದು, ಮಧ್ಯೆ ಒಂದು ಸಾಲು ಮೌನ. ನಾನು ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಸರಿಯಾಗಿ ಸಾಲು ಮುಗಿಯುತ್ತಿತ್ತು. ಅಪ್ಪ ಪೆಡಲ್ ತುಳಿಯುವುದನ್ನೇ ನಿಲ್ಲಿಸುತ್ತಿದ್ದರು. ನನಗೆ ಅವು ಕಣ್ಣಿಗಿಂತ ಕಿವಿಗೆ ಬರೆದ ಪುಸ್ತಕ. ಅದೇ ಹುಡುಗರಿಗೆ ಒಮ್ಮೆ ತೇಜಸ್ವಿ ಓದಿ ಹೇಳಿದೆ. ‘ಕರ್ವಾಲೊ’ದಲ್ಲಿ ಹಾರುವ ಓತಿ ಹುಡುಕುವ ಕಥೆ. ಇಷ್ಟಪಟ್ಟರು, ಆದರೆ ಕೆಲಸ ನಿಲ್ಲಲಿಲ್ಲ.

ಕಾಫಿಪುಡಿ:
ಕಪಾಟಿನ ಮಾತು ನನಗೆ ತಾಗಿತು, ಸರಿ. ಆದರೂ ಕೇಳುತ್ತೇನೆ: ಕಿವಿಗೆ ಬರೆದರೆ ಕೇಡಿ ಯಾಕೆ ಸಿಕ್ಕಿಬಿದ್ದ ಅಂತ ಹೇಳಬಾರದಾ? ನಮ್ಮ ಅಜ್ಜಿ ಕಥೆ ಹೇಳುವಾಗ ರಾಜಕುಮಾರ ಬಾಗಿಲು ತೆರೆದ ಅಂದರೆ ಬೀಗದ ಕೈ ಎಲ್ಲಿತ್ತು ಅಂತ ನಾವೇ ಕೇಳುತ್ತಿದ್ದೆವು. ಅಜ್ಜಿ ಉತ್ತರ ಕೊಡಲೇಬೇಕಿತ್ತು.

ಹೊಲಿಗೆಯಂತ್ರ:
ಕಾಜ ಹಾಕುವವರೂ ಕೇಳುತ್ತಿದ್ದರು. ನಾನು ಸುಮ್ನೆ ಏನೋ ಸೇರಿಸಿ ಹೇಳಿಬಿಡುತ್ತಿದ್ದೆ. ಈಗ ಯೋಚಿಸಿದರೆ ಕೆಲವು ಕಾದಂಬರಿಯ ಕೊನೆ ನನ್ನದೇ!

ಹಳೇಹೊತ್ತಗೆ:
ನಿನ್ನೆ ರಾತ್ರಿ ಪ್ರಯೋಗ ಮಾಡಿದೆ. ಅದೇ ಪುಸ್ತಕ ತೆಗೆದು ಜೋರಾಗಿ ಓದಿದೆ. ಮೊದಲು ನಾಚಿಕೆ ಆಯಿತು, ಎರಡನೇ ಪುಟದಲ್ಲಿ ಹೋಯಿತು. ನಿಜ, ನಾಲಿಗೆಗೆ ಸಿಕ್ಕಿದರೆ ಬೇರೆಯೇ ಆಗುತ್ತದೆ. ನಾನು ಪೆದ್ದು ಅಂದುಕೊಂಡಿದ್ದ ಸಾಲುಗಳು ಉಸಿರಿಗೆ ಸರಿಯಾಗಿ ಕೂತವು. ಒಂದು ಅಧ್ಯಾಯ ಮುಗಿಯುವುದರೊಳಗೆ ಪಕ್ಕದ ಕೋಣೆಯಲ್ಲಿ ಅಮ್ಮ ಟಿವಿ ಸದ್ದು ತಗ್ಗಿಸಿದ್ದರು. ಸೀರಿಯಲ್ ಸಮಯದಲ್ಲಿ! ನಾನು ಗೆದ್ದೆ ಅಂದುಕೊಂಡು ಕೊನೆಯವರೆಗೂ ಓದಿದೆ.

ಕೇಡಿ ನಿಂತು ಒಪ್ಪಿಸುವ ಭಾಗ ಬಂತು. ಒಂದು ಪುಟ, ಎರಡು ಪುಟ. ಟಿವಿ ಮತ್ತೆ ಜೋರಾಯಿತು.