ಅಪ್‌ಡೇಟ್: ಒಂಬತ್ತನೇ ಕ್ಲಾಸಿನ ಮಕ್ಕಳು ಇಂಗ್ಲಿಷ್ ಪೇಪರ್ ಓದ್ತಿದ್ದಾರೆ

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಪೇಪರಿನ ಸುದ್ದಿ ಓದಿಸೋದು ಹೇಗೆ ಅಂತ ಕೇಳಿದ್ದೆ. ಮೊದಲು ಅದೇ ಸುದ್ದಿಯನ್ನು ಕನ್ನಡದಲ್ಲಿ ಓದಿಸಿ ಅಂತ ಹಲವರು ಹೇಳಿದಿರಿ. ಅದೇ ಕೈಹಿಡಿಯಿತು.

ಚಂದ್ರಯಾನ-3ರಿಂದ ಶುರು ಮಾಡಿದೆ. 2023ರ ಆಗಸ್ಟ್ 23ರಂದು ವಿಕ್ರಮ್ ಲ್ಯಾಂಡರ್ ಇಳಿದ ಕಥೆ ಇವರಿಗೆಲ್ಲ ಗೊತ್ತು. ಹಾಗಾಗಿ 'ಆರ್ಬಿಟ್', 'ಸರ್ಫೇಸ್' ಥರದ ಪದಗಳನ್ನು ಡಿಕ್ಷನರಿ ಮುಟ್ಟದೆ ಊಹಿಸಿದರು.

ತೊಡಕಾದದ್ದು ತಲೆಬರಹ. ಮುಗಿದ ಘಟನೆಗೂ ವರ್ತಮಾನ ಕಾಲ: 'ಇಂಡಿಯಾ ಲ್ಯಾಂಡ್ಸ್ ಆನ್ ಮೂನ್'. ಮುಂದೆ ನಡೆಯೋದಕ್ಕೆ 'ಸ್ಕೂಲ್ಸ್ ಟು ರೀಓಪನ್ ಆನ್ ಮಂಡೇ'. 'ದ', 'ಈಸ್', 'ಆರ್' ಎಲ್ಲ ಮಾಯ. ಪಾಠದಲ್ಲಿ ಕಲಿತದ್ದಕ್ಕೆ ಇದು ಉಲ್ಟಾ ಅನ್ನಿಸಿ ಮಕ್ಕಳು ಗಲಿಬಿಲಿಯಾದರು. ಈಗ ತಲೆಬರಹವನ್ನು ಬೋರ್ಡಿನ ಮೇಲೆ ಬರೆದು, ಬಿಟ್ಟ ಪದಗಳನ್ನು ಅವರಿಂದಲೇ ತುಂಬಿಸಿ ಪೂರ್ತಿ ವಾಕ್ಯ ಮಾಡಿಸ್ತೀನಿ. ಕಾಲಗಳನ್ನು ಕಲಿಸೋಕೆ ಬಿಟ್ಟ ಸ್ಥಳ ತುಂಬಿಸುವ ಅಭ್ಯಾಸಕ್ಕಿಂತ ಇದು ಎಷ್ಟೋ ಮೇಲು.

ಪೂರ್ತಿ ವರದಿ ಓದಿಸೋ ಹಟ ಬೇಡ ಅಂತ ಇಲ್ಲೊಬ್ಬ ಮೇಡಂ ಹೇಳಿದ್ದರು. ನಿಜ. ಮುಖ್ಯ ಸಂಗತಿಯೆಲ್ಲ ಸಾಮಾನ್ಯವಾಗಿ ಮೊದಲ ಎರಡು ಪ್ಯಾರಾದಲ್ಲೇ ಇರುತ್ತೆ. ಯಾರು, ಎಲ್ಲಿ, ಯಾವಾಗ, ಇಷ್ಟು ಸಿಕ್ಕರೆ ಸಾಕು. ಕ್ರಿಕೆಟ್ ಮಾತ್ರ ಕೊನೆಯ ಸಾಲಿನವರೆಗೂ ಓದ್ತಾರೆ!

ಗಟ್ಟಿಯಾಗಿ ಇಂಗ್ಲಿಷ್ ಓದೋಕೆ ಅಂಜುತ್ತಿದ್ದ ಹುಡುಗಿಯೊಬ್ಬಳು ಕೆಆರ್‌ಎಸ್ ತುಂಬಿದ ಸುದ್ದಿ ಓದಿ, ಗರಿಷ್ಠ ಮಟ್ಟ 124.80 ಅಡಿ ಅಂತ ಇಡೀ ಕ್ಲಾಸಿಗೆ ವಿವರಿಸಿದಳು. ಅವಳ ಅಪ್ಪನ ಗದ್ದೆಗೆ ಬರೋದು ಅದೇ ನೀರು.

ಸಂಪಾದಕೀಯಕ್ಕೆ ಇನ್ನೂ ಕೈಹಾಕಿಲ್ಲ, ವಾಕ್ಯಗಳು ತುಂಬಾ ಉದ್ದ. ಯಾರಾದರೂ ಓದಿಸಿದ್ದರೆ ಹೇಗೆ ಅಂತ ತಿಳಿಸಿ.